ಮೀನು ಬಿಟ್ಟ ಹರಕೆ

2011ರ ಮಳೆಗಾಲದಲ್ಲಿ ನನ್ನ ಅಮ್ಮ ಊಟ ಬಿಟ್ಟಳು. ಡೊಂಬಿವಲಿಯ ನಮ್ಮ ದೇವಿ ಮಂದಿರಕ್ಕೆ ಶುಕ್ರವಾರದ ಭಜನೆಗೆ ಬರುವ ನೀವೆಲ್ಲ ಅವಳನ್ನು ಬಲ್ಲಿರಿ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ ಕಮಲಕ್ಕ. ನಾನು ಅವಳ ಒಬ್ಬನೇ ಮಗ ಶೇಖರ. ನನ್ನನ್ನು ಅಲ್ಲಿ ಕಂಡವರು ಕಡಿಮೆ. ಹೋಟೆಲಿನಲ್ಲಿ ದುಡಿಯುವವನಿಗೆ ಸಂಜೆ ಪುರುಸೊತ್ತು ಎಲ್ಲಿಯದು ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ದೇವರ ವಿಷಯವನ್ನೆಲ್ಲ ಹೆಂಡತಿ ವಸಂತಿಗೆ ಬಿಟ್ಟುಕೊಟ್ಟಿದ್ದೆ. ಹರಕೆ ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಅಮ್ಮನಿಗೆ ಎರಡು ವರ್ಷಗಳಿಂದ ಮರೆವು. ಆ ಜೂನ್‌ನಲ್ಲಿ ಉಸಿರು ಕಟ್ಟತೊಡಗಿತು. ಸುರಿಯುವ ಮಳೆಯಲ್ಲಿ ರಿಕ್ಷಾ ಮಾಡಿ ಕಲ್ಯಾಣದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಐಸಿಯು ಬಾಗಿಲಲ್ಲಿ ನಿಂತು ವಸಂತಿ ಕರಿಮಣಿ ಹಿಡಿದುಕೊಂಡು ಗಟ್ಟಿಯಾಗಿಯೇ ಹರಕೆ ಹೇಳಿದಳು. ಅತ್ತೆಯನ್ನು ಅವಳು ತುಳುವಿನಲ್ಲಿ ಮಾಮಿ ಎಂದೇ ಕರೆಯುವುದು.

"ದೇವೀ, ಮಾಮಿ ಬದುಕಿ ಮನೆಗೆ ಬರ್ಲಿ. ಮತ್ತೆ ಅವರು ಎದ್ದು ತಮ್ಮ ಕಾಲಲ್ಲೇ ಹೊಸಿಲು ದಾಟುವವರೆಗೆ ನಮ್ಮ ಮನೆಯೊಳಗೆ ಮೀನು ತರುವುದಿಲ್ಲ."

ಕರಾವಳಿಯ ನಮ್ಮಂಥವರ ಮನೆಯಲ್ಲಿ ಇದು ಎಂಥ ಹರಕೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬಂಗಾರ ಬಿಡು ಎಂದರೆ ಬಿಟ್ಟೇವು, ಬಂಗುಡೆ ಬಿಡುವುದು ಕಷ್ಟ. ನಾನು ದುಡಿಯುವುದು ಠಾಣೆಯ ಕೋಪರಿ ಕಡೆ, ಶುದ್ಧ ಶಾಕಾಹಾರಿ ಹೋಟೆಲಿನಲ್ಲಿ. ಹಗಲಿಡೀ ಸಾಂಬಾರಿನ ವಾಸನೆ ಕುಡಿದು ಮನೆಗೆ ಬಂದರೆ ಅಲ್ಲೂ ಸಾಂಬಾರು. ಗೊಣಗಿದೆ. ಆದರೆ ಅಮ್ಮ ಬದುಕಿ ಬಂದಿದ್ದಳಲ್ಲ, ಬಾಯಿ ಮುಚ್ಚಿಕೊಂಡೆ.

ಮನೆಗೆ ಕಳಿಸುವಾಗ ಡಾಕ್ಟರು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದು ಕೆಲವು ತಿಂಗಳ ಮಾತು ಅಷ್ಟೇ ಎಂದರು. "ಅಬ್ ಕೋಯೀ ಪರಹೇಜ್ ನಹೀಂ. ಮಾಜೀ ಕೋ ಜೋ ಪಸಂದ್ ಹೈ, ವಹೀ ಖಿಲಾಓ." ಪಥ್ಯ ಬೇಡ, ಇಷ್ಟವಾದದ್ದನ್ನು ಉಣಿಸಿ ಎಂದು. ಅಮ್ಮನಿಗೆ ಇಷ್ಟವಾದದ್ದು ಏನೆಂದು ನನಗೂ ವಸಂತಿಗೂ ಗೊತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎದ್ದು ನಿಲ್ಲುವ ತ್ರಾಣ ಅವಳಿಗಿರಲಿಲ್ಲ, ಹಾಲ್‌ನಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ಮೊದಲು ಎರಡು ಚಮಚ ಗಂಜಿ ಕುಡಿದಳು, ಆಮೇಲೆ ಅದೂ ಇಲ್ಲ. ತಟ್ಟೆ ತಂದರೆ ಕೈಯಿಂದ ಸರಿಸುತ್ತಿದ್ದಳು. "ಇದು ಯಾರ ಮನೆ? ನನ್ನನ್ನು ನನ್ನ ಮನೆಗೆ ಬಿಡಿ," ಎನ್ನುವುದು. ಅಪ್ಪ ತೀರಿಕೊಂಡ ಮೇಲೆ ಇದೇ ಮನೆಯಲ್ಲಿ ಖಾನಾವಳಿ ನಡೆಸಿ, ಊರಿನಿಂದ ಹೋಟೆಲ್ ಕೆಲಸಕ್ಕೆ ಬಂದ ಎಷ್ಟೋ ಹುಡುಗರಿಗೆ ಬಡಿಸಿ ನನ್ನನ್ನು ಸಾಕಿದವಳು ಅವಳು. ಆ ಮನೆಯ ಗುರುತೇ ಈಗ ಅವಳಿಗೆ ಸಿಗುತ್ತಿರಲಿಲ್ಲ. ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

"ಸಾಕು ಮಾರಾಯ್ತಿ, ದೇವಿಗೆ ತಪ್ಪುಕಾಣಿಕೆ ಹಾಕುವ. ನಾಳೆಯೇ ಬಂಗುಡೆ ತರ್ತೇನೆ," ಎಂದೆ.

ವಸಂತಿ ಸಿಡಿದಳು. "ಮಾಮಿಯನ್ನು ಬದುಕಿಸು ಅಂತ ಕೇಳಿದೆ, ಅವಳು ಬದುಕಿಸಿ ಕೊಟ್ಟಳು. ಈಗ ನನ್ನ ಪಾಲಿನದ್ದು ನಾನು ಮುರಿಯುವುದಾ? ನಾಳೆ ಮಾಮಿಗೆ ಏನಾದ್ರೂ ಆದ್ರೆ ನೀವು ಸುಮ್ಮನಿರ್ತೀರಿ. ನಾನು ಹೇಗೆ ಇರ್ಲಿ?"

ಮಂದಿರದ ಭಟ್ಟರನ್ನು ಕೇಳಿದೆ. ಅವರು ಗಡ್ಡ ಕೆರೆದುಕೊಂಡು, "ತಪ್ಪುಕಾಣಿಕೆ ಹಾಕ್ಬಹುದು ಶೇಖರಣ್ಣ. ಆದ್ರೆ ಹರಕೆ ಹೇಳಿದವರ ಮನಸ್ಸು ಒಪ್ಪಬೇಕಲ್ಲ, ಇಲ್ಲದಿದ್ರೆ ಅವರಿಗೆ ಮತ್ತೆ ನೆಮ್ಮದಿ ಉಂಟಾ?" ಎಂದರು. ವಸಂತಿಯ ಮನಸ್ಸು ಒಪ್ಪಲಿಲ್ಲ. ಅವಳು ಹಟಮಾರಿ ಎಂದು ನಾನು ಎರಡು ದಿನ ಮಾತು ಬಿಟ್ಟೆ. ಆದರೆ ರಾತ್ರಿ ಅಮ್ಮನ ಒದ್ದೆ ಬಟ್ಟೆ ಬದಲಿಸುತ್ತಿದ್ದವಳೂ ಅವಳೇ, ಅಮ್ಮ ಉಣ್ಣಲಿಲ್ಲವೆಂದು ತಾನೂ ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದವಳೂ ಅವಳೇ.

ಗಣಪತಿ ವಿಸರ್ಜನೆಯ ಸಂಜೆ ಠಾಣೆಯಿಂದ ಸ್ಲೋ ಲೋಕಲ್ ಹಿಡಿದೆ. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದರಲ್ಲಿ ಚೀಲ. ಹೊರಗೆ ಎಲ್ಲೋ ಢೋಲು ಬಡಿಯುತ್ತಿತ್ತು. ಜನರ ನಡುವೆ ಒತ್ತಿಕೊಂಡು ನಿಂತಲ್ಲೇ ನನಗೆ ಅಳು ಬಂತು. ಕೈ ಮುಗಿಯಲು ಕೈ ಖಾಲಿ ಇರಲಿಲ್ಲ. ಕಣ್ಣು ಮುಚ್ಚಿ ಬೇಡಿಕೊಂಡೆ: ದೇವೀ, ಬದುಕಿಸು ಎಂದು ಕೇಳುವುದಿಲ್ಲ. ಆದರೆ ಊರಿಗೆಲ್ಲ ಬಡಿಸಿದವಳು ಹಸಿದುಕೊಂಡು ಹೋಗಬಾರದು. ದೇವರಲ್ಲಿ ನಾನು ಮನಸ್ಸಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆ ವಾರದ ಬುಧವಾರ ನನಗೆ ರಜೆ. ಶ್ರಾವಣ ಹಿಡಿದಾಗಿನಿಂದ ವಿಸರ್ಜನೆಯವರೆಗೆ ನಮ್ಮ ಕಟ್ಟಡದ ಮರಾಠಿ ಮನೆಗಳಲ್ಲೂ ಮೀನು ಬೇಯುವುದಿಲ್ಲ. ಹಾಗಾಗಿ ಇಷ್ಟು ದಿನ ಇಡೀ ಮಹಡಿಯಲ್ಲೇ ಆ ಪರಿಮಳ ಇರಲಿಲ್ಲ. ಅಂದು ಎಲ್ಲರೂ ಒಟ್ಟಿಗೆ ಬಾಣಲೆ ಇಟ್ಟರು. ಎದುರು ಮನೆಯ ಸುರೇಖಾ ವೈನಿ ಬಾಗಿಲು ತೆರೆದಿಟ್ಟು ಬಂಗುಡೆ ಕರಿಯುತ್ತಿದ್ದರು. ನಾನು ಪೇಪರು ಹಿಡಿದು ಕೂತಿದ್ದೆ, ವಸಂತಿ ಒಳಗೆ ಹೀರೆಕಾಯಿ ಹೆಚ್ಚುತ್ತಿದ್ದಳು.

ಮಂಚ ಕಿರುಗುಟ್ಟಿತು. ನೋಡಿದರೆ ಅಮ್ಮ ಎದ್ದು ಕೂತಿದ್ದಾಳೆ. ಕಾಲು ಕೆಳಗಿಟ್ಟಳು, ಗೋಡೆ ಹಿಡಿದಳು, ನಿಂತಳು. ನಾನು ಹಾರಿ ಹಿಡಿಯಲು ಹೋದರೆ ವಸಂತಿ ಹಿಂದಿನಿಂದ ನನ್ನ ಅಂಗಿ ಎಳೆದಳು.

"ಮುಟ್ಟಬೇಡಿ. ನಿಮ್ಮ ದಮ್ಮಯ್ಯ, ಮುಟ್ಟಬೇಡಿ."

ಅಮ್ಮ ಗೋಡೆ ಸವರುತ್ತ ಬಾಗಿಲಿಗೆ ಬಂದಳು. ಹೊಸಿಲು ದಾಟಿದಳು. ಎದುರಿನ ಬಾಗಿಲಲ್ಲಿ ನಿಂತು ಖಾನಾವಳಿಯ ಕಾಲದ ದನಿಯಲ್ಲಿ, "ಮೀನ್ ಏರ್ ಕನತಿನಿ?" ಎಂದಳು. ಮೀನು ಯಾರು ತಂದದ್ದು ಎಂದು ತುಳುವಿನಲ್ಲಿ. ಸುರೇಖಾ ವೈನಿಗೆ ತುಳು ಬಾರದು. "ಅಗ ಬಾಯೀ, ಆಜೀ! ಯಾ, ಬಸಾ ನಾ," ಎಂದು ಮರಾಠಿಯಲ್ಲಿ ಕರೆದು, ಕುರ್ಚಿ ಎಳೆದು ಕೂರಿಸಿ, ಅನ್ನ ಮತ್ತು ಬಂಗುಡೆ ಬಡಿಸಿಯೇಬಿಟ್ಟರು. ನಮ್ಮ ಗುರುತು ಮರೆತ ಅಮ್ಮನ ಬೆರಳು ಮುಳ್ಳು ಬಿಡಿಸುವುದನ್ನು ಮರೆತಿರಲಿಲ್ಲ. ಉಂಡಳು, ಖಾರ ಸಾಲದು ಎಂದೂ ಹೇಳಿದಳು. ನಮ್ಮ ಹೊಸಿಲಿನ ಮೇಲೆ ಕೂತು ವಸಂತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಸಂಜೆ ಇಬ್ಬರೂ ಹಣ್ಣುಕಾಯಿ ಹಿಡಿದು ಮಂದಿರಕ್ಕೆ ಹೋದೆವು. ಭಟ್ಟರು ಕೇಳಿ ನಕ್ಕರು. "ಹೊಸಿಲು ದಾಟಿ ಯಾವ ಮನೆಗೆ ಹೋಗ್ಬೇಕು ಅಂತ ನೀವು ಹೇಳಿರ್ಲಿಲ್ಲ ಅಲ್ವಾ? ಹರಕೆ ಸಂದಿತು. ಹೋಗಿ, ಅಡಿಗೆ ಮಾಡಿ."

ಅಂದಿನ ನಂತರ ಅಮ್ಮ ಮತ್ತೆಂದೂ ನಡೆಯಲಿಲ್ಲ. ಆದರೆ ಇದು ಯಾರ ಮನೆ ಎಂದು ಕೇಳುವುದನ್ನು ಬಿಟ್ಟಳು. ವಸಂತಿ ತೆಂಗಿನಕಾಯಿ ಮಸಾಲೆ ರುಬ್ಬುವ ಸದ್ದಿಗೆ ಅತ್ತ ಮುಖ ತಿರುಗಿಸುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ಮಧ್ಯಾಹ್ನ ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು, ತಲೆಗೆ ಎಣ್ಣೆ ಹಚ್ಚಿಸಿಕೊಂಡು ತೂಕಡಿಸುವಳು. ನನಗೆ ಆ ತಿಂಗಳುಗಳಲ್ಲಿ ಲೋಕಲ್ ಇಳಿದು ಮನೆ ಮುಟ್ಟುವುದೇ ದೊಡ್ಡ ಸುಖವಾಗಿತ್ತು. ಅವಳು ದಿನದಿಂದ ದಿನಕ್ಕೆ ಸವೆಯುತ್ತಿರುವುದು ಕಾಣುತ್ತಿತ್ತು. ಆದರೂ ಆ ಸುಖ ಸುಳ್ಳಾಗಿರಲಿಲ್ಲ.

ಬುಧವಾರ ನಾನೇ ಮೀನು ತಂದು ಅವಳ ಮುಂದೆ ಚೀಲ ಬಿಚ್ಚುತ್ತಿದ್ದೆ. ಅಮ್ಮ ನನ್ನನ್ನು ಮೀನು ಮಾರುವವನೆಂದೇ ತಿಳಿದಳು. ಕಿವಿರು ಎತ್ತಿ ನೋಡಿ, "ನಿನ್ನೆಯದ್ದು ತಂದು ಇವತ್ತಿನದ್ದು ಅಂತೀಯಾ?" ಎಂದು ಗದರುವಳು. "ಇಲ್ಲಕ್ಕಾ, ಈಗಷ್ಟೇ ಬಂದದ್ದು," ಎಂದು ನಾನು ಆಣೆ ಹಾಕುವೆ. ಮೊದಲ ಸಲ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಹೆತ್ತವಳನ್ನು ಅಕ್ಕಾ ಎಂದು ಕರೆಯುವುದು ಸುಲಭವಲ್ಲ. ಆಮೇಲೆ ಆ ಜಗಳಕ್ಕಾಗಿ ಬುಧವಾರವನ್ನೇ ಕಾಯತೊಡಗಿದೆ.

ಡಿಸೆಂಬರಿನಲ್ಲಿ ಕಾಲು ಊದಿತು, ಉಸಿರು ಮತ್ತೆ ಭಾರವಾಯಿತು, ಹಸಿವೇ ಇಂಗಿ ಊಟ ನಿಂತಿತು. ಈ ಸಲ ನಳಿಕೆಯ ಮಾತು ಯಾರೂ ಎತ್ತಲಿಲ್ಲ. ವಸಂತಿಯೂ ಹರಕೆ ಹೇಳಲಿಲ್ಲ. ಕೊನೆಯ ಬುಧವಾರ, ಅವಳು ತಿನ್ನಲಾರಳು ಎಂದು ಗೊತ್ತಿದ್ದೂ ನಾನು ಚೀಲ ಹಿಡಿದು ಮಂಚದ ಬಳಿ ಕೂತೆ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು. ಮೀನನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು. ಆಮೇಲೆ ವಸಂತಿಗೆ ಹೇಳಿದಳು.

"ಇವತ್ತು ಮೀನು ಬೇಡ. ಪಾಪ, ಬೆಳಗ್ಗಿನಿಂದ ತಿರುಗಿ ಬಂದಿದ್ದಾನೆ. ಅವನಿಗೆ ಉಣ್ಣಲಿಕ್ಕೆ ಹಾಕು. ಅವನ ಅಮ್ಮ ಮನೆಯಲ್ಲಿ ಕಾಯ್ತಾ ಇರ್ತಾಳೆ."

ವಸಂತಿ ತಟ್ಟೆ ತಂದಿಟ್ಟಳು. ಕೊನೆಯ ಅಗುಳಿನವರೆಗೆ ಉಂಡೆ. ನಾನು ಮುಗಿಸುವವರೆಗೆ ಅಮ್ಮ ಕಣ್ಣು ಮುಚ್ಚಲಿಲ್ಲ. ಆ ಶನಿವಾರ ಬೆಳಗಿನ ಜಾವ ಹೋದಳು.

ಬಂಧುಗಳೇ, ವಿಸರ್ಜನೆಯಾದ ಮೇಲೆ ಮುಂಬಯಿ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಮೀನು ಬೇಯುತ್ತದೆ, ಇದರಲ್ಲಿ ಪವಾಡ ಏನು ಎಂದು ಕೇಳುವವರಿದ್ದಾರೆ. ಕೇಳಲಿ, ನಾನು ವಾದಕ್ಕೆ ನಿಲ್ಲುವುದಿಲ್ಲ. ಅಮ್ಮ ಹಸಿದು ಹೋಗಬಾರದು ಎಂದಷ್ಟೇ ದೇವಿಯನ್ನು ಬೇಡಿದ್ದೆ, ಅವಳು ಹಸಿದು ಹೋಗಲಿಲ್ಲ. ಮಗನೆಂದು ಗುರುತಿಸದಿದ್ದರೂ ಹೊರಡುವ ಮೊದಲು ನನ್ನನ್ನು ಕೂರಿಸಿ ಉಣಿಸಿದಳು. ಅದನ್ನು ನಾನು ಬೇಡಿಯೇ ಇರಲಿಲ್ಲ, ದೇವಿ ತಾನಾಗಿಯೇ ಕೊಟ್ಟದ್ದು.