ಅಧ್ಯಕ್ಷರ ಕೋಣೆಯಲ್ಲೊಂದು ಮದುವೆಯ ಸ್ಟೇಜು

ದುರ್ಗದಬೈಲಿನ ಹಿಂದಿನ ಗಲ್ಲಿಯಲ್ಲಿರುವ ಮಡಿವಾಳಪ್ಪನ ಡೆಕೋರೇಶನ್ ಅಂಗಡಿ ಯಾರಿಗೆ ಗೊತ್ತಿಲ್ಲ? ಮದುವೆಯ ಸ್ಟೇಜು ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಥರ್ಮಾಕೋಲಿನ ಕಂಬಕ್ಕೆ ಬಂಗಾರದ ಬಣ್ಣ ಬಳಿದು ನಿಲ್ಲಿಸಿದನೆಂದರೆ ಅರಮನೆಯೇ ನಾಚಬೇಕು. ಆದರೂ ಅವನಿಗೊಂದು ಕೊರಗಿತ್ತು. ಕಟ್ಟಿದ್ದನ್ನೆಲ್ಲ ಮರುದಿನ ಬಿಚ್ಚಬೇಕು. ಗಂಡ ಹೆಂಡತಿ ಜೀವನಪೂರ್ತಿ ಬಾಳುತ್ತಾರೆ, ಅವರು ಕೂತ ಸ್ಟೇಜು ಮಾತ್ರ ಉಂಡ ಎಲೆಯ ಜೊತೆಗೇ ಹೊರಗೆ. ಹುಟ್ಟೂರು ಗರಗದಲ್ಲಿ ಅವನ ತಾಯಿ ದಾನವ್ವ ಹರೆಯದಿಂದ ಖಾದಿ ನೂಲು ತೆಗೆದವಳು. ಆಕೆಯ ನೂಲಿನ ಬಟ್ಟೆ ತೊಟ್ಟವರು, ಇದು ಹರಿಯಲೊಲ್ಲದಲ್ಲ, ಹೊಸದು ಯಾವಾಗ ತರುವುದು ಎಂದು ಬೇಸರ ಮಾಡಿಕೊಳ್ಳಬೇಕು, ಅಂಥ ಬಾಳಿಕೆ. "ನನ್ನ ಹೊಟ್ಟ್ಯಾಗ ಹುಟ್ಟಿ ನೀ ಇಂಥಾ ಬಿಚ್ಚೂ ಕೆಲಸಕ್ಕ ಹೆಂಗ ಬಿದ್ದಿ?" ಎಂದು ಆಕೆ ಮಗನನ್ನು ಕೆಣಕುತ್ತಿದ್ದಳು. ಬಿಚ್ಚದೆ ಉಳಿಯುವಂಥದ್ದು ಒಂದನ್ನಾದರೂ ಕಟ್ಟಿ ಸಾಯಬೇಕು ಎಂಬುದೇ, ಅರವತ್ತು ಸಮೀಪಿಸಿದ್ದ ಮಡಿವಾಳಪ್ಪನ ಆಸೆ.

ಆ ಯೋಗ ಶಿವಯೋಗೀಶ ಸಾಹೇಬರ ರೂಪದಲ್ಲಿ ಬಂತು. ಚುನಾವಣೆಗೆ ಟಿಕೆಟ್ ತಪ್ಪಿಸಿದ ಪಕ್ಷದವರು, ಮುನಿಸು ತಣಿಯಲೆಂದು ಅವರನ್ನು ಹಳ್ಳ ಮತ್ತು ಕಿರುಸೇತುವೆ ಮಂಡಳಿಗೆ ಅಧ್ಯಕ್ಷರನ್ನಾಗಿ ಮಾಡಿದ್ದರು. ಧಾರವಾಡದಲ್ಲಿ ಅಂಥದ್ದೊಂದು ಮಂಡಳಿ ಇದೆಯೆನ್ನುವುದು ಅದರ ಗೇಟಿನ ಮುಂದೆ ಚಹಾ ಮಾರುವವನಿಗೂ ಆವತ್ತೇ ಗೊತ್ತಾದದ್ದು. ಸಾಹೇಬರು ಕೋಣೆಗೆ ಕಾಲಿಟ್ಟರು, ಸುಣ್ಣದ ಗೋಡೆ ಮತ್ತು ಕಬ್ಬಿಣದ ಕಪಾಟು ನೋಡಿ ಮುಖ ಹುಳಿ ಮಾಡಿದರು. ತಮ್ಮ ಮಗಳ ಮದುವೆಯಲ್ಲಿ ಮಡಿವಾಳಪ್ಪ ಕಟ್ಟಿದ್ದ ಸ್ಟೇಜು ಅವರ ಕಣ್ಣಲ್ಲಿ ಇನ್ನೂ ಕುಣಿಯುತ್ತಿತ್ತು. ಹೇಳಿ ಕಳಿಸಿದರು.

"ಹಂಗ ಆಗಬೇಕು ನೋಡು ಮಡಿವಾಳಪ್ಪ. ಬಂದವರು ಬಾಯಿ ತೆರಕೊಂಡು ನಿಂದರಬೇಕು."

"ಆತ್ರಿ. ಎಷ್ಟ ದಿನಕ್ಕರಿ?"

"ಎಷ್ಟ ದಿನಕ್ಕ ಅಂದ್ರ? ಕಾಯಂ."

ಕಾಯಂ ಎಂಬ ಆ ಒಂದು ಮಾತಿಗೆ ಮಡಿವಾಳಪ್ಪನ ಕಣ್ಣು ತುಂಬಿ ಬಂತು. ಥರ್ಮಾಕೋಲು ಬಿಟ್ಟು ಸಾಗವಾನಿ ಕಟ್ಟಿಗೆ ತಂದ. ಬಂಗಾರದ ಬಣ್ಣದ ಕಂಬ, ಕಮಾನು, ರೆಕ್ಕೆ ಬಿಚ್ಚಿದ ನವಿಲು, ತೂಗುವ ಝೂಮರು ದೀಪ, ಗೋಡೆ ತುಂಬ ಕನ್ನಡಿ, ಇದ್ದೊಂದು ಕಿಟಕಿಗೂ ಜರಿಯ ಪರದೆ. ಆದರೆ ಅವನಿಗೆ ಗೊತ್ತಿದ್ದದ್ದು ಒಂದೇ ಕಸುಬು. ಕೈ ತಾನಾಗಿಯೇ ಸೊಂಟದೆತ್ತರದ ಕಟ್ಟೆ ಕಟ್ಟಿತು. ಎಡಕ್ಕೆ ಏರುವ ಮೆಟ್ಟಿಲು ಇಟ್ಟಿತು, ಬಲಕ್ಕೆ ಇಳಿಯುವ ಮೆಟ್ಟಿಲು ಇಟ್ಟಿತು, ನಡುವೆ ಕೆಂಪು ಮಖಮಲ್ಲಿನ ಜೋಡಿ ಸಿಂಹಾಸನ ಕೂಡಿಸಿತು. ಸಾಹೇಬರು ಒಂದು ಬದಿಗೆ ಕೂತರು. ಇನ್ನೊಂದು ಬದಿ ಖಾಲಿ. ಫೈಲು ತಂದ ಕಾರ್ಯದರ್ಶಿ ಸೌಮ್ಯಾ ಮೇಡಂ ಆ ಬದಿಗೆ ಕಣ್ಣೆತ್ತಿಯೂ ನೋಡದೆ, ನಿಂತೇ ಸಹಿ ಮಾಡಿಸಿಕೊಂಡು ಹೋದರು.

ಮಂದಿ ಬರತೊಡಗಿದರು. ನಮ್ಮ ಮಂದಿಗೆ ಸ್ಟೇಜು ಕಂಡರೆ ಏನು ಮಾಡಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಚಪ್ಪಲಿ ಬಿಟ್ಟು ಎಡಕ್ಕೆ ಏರುವುದು, ಕೈ ಕುಲುಕುವುದು, ಮಗ್ಗುಲಿಗೆ ನಿಂತು ಕ್ಯಾಮೆರಾ ನೋಡುವುದು, ಬಲಕ್ಕೆ ಇಳಿದು ಊಟಕ್ಕೆ ನಡೆಯುವುದು. ಇಲ್ಲಿಯೂ ಸಾಹೇಬರ ಹಿಂಬಾಲಕ ವಿನೋದ ಮೊಬೈಲು ಹಿಡಿದು ಎದುರಿಗೇ ಇರುತ್ತಿದ್ದ, ಬಲಗಡೆಯ ಬಾಗಿಲು ನೆಟ್ಟಗೆ ಕ್ಯಾಂಟೀನಿಗೇ ಹೋಗುತ್ತಿತ್ತು. ಇನ್ನೇನು ಬೇಕು? ಕೊಚ್ಚಿಹೋದ ಸೇತುವೆಗಳ ದೂರೆಲ್ಲ ಕಿಸೆಯಲ್ಲೇ ಉಳಿಯಿತು. ಮಂದಿ ಫೋಟೋ ತೆಗೆಸಿಕೊಂಡು, ಮಿರ್ಚಿ ಭಜಿ ತಿಂದು, ಬಸ್ಸು ಹತ್ತಿದರು. ಒಬ್ಬ ಅಜ್ಜನಂತೂ ಸಾಹೇಬರ ತಲೆಯ ಮೇಲೆ ಅಕ್ಕಿಕಾಳು ಹಾಕಿ ಹೋದ. "ನಾ ಬಂದ ಮ್ಯಾಲೆ ಒಂದೂ ತಕರಾರಿಲ್ಲ ನೋಡ್ರಿ" ಎಂದು ಸಾಹೇಬರು ಪತ್ರಿಕೆಯವರ ಮುಂದೆ ಎದೆಯುಬ್ಬಿಸಿದರು.

ಒಂದು ದಿನ ದಾನವ್ವನೂ ಊರವರ ಜೊತೆ ಬಂದಳು. ಗರಗದ ಹೊರಗಿನ ಹಳ್ಳಕ್ಕೆ ಸಣ್ಣದೊಂದು ಸೇತುವೆ ಬೇಕಿತ್ತು. ಮಳೆ ಹಿಡಿಯಿತೆಂದರೆ ಆಚೆ ದಂಡೆಯ ಮಕ್ಕಳಿಗೆ ಶಾಲೆಯಿಲ್ಲ, ಬಸುರಿಯರನ್ನು ಆಸ್ಪತ್ರೆಗೆ ಒಯ್ಯುವಂತಿಲ್ಲ. ಮಗನ ಹೆಸರು ಹೇಳಿ ಕೆಲಸ ಮಾಡಿಸಿಕೊಳ್ಳುವ ಪೈಕಿ ಅಲ್ಲ ಆಕೆ. ಅಧ್ಯಕ್ಷರನ್ನು ಕಂಡು, ಆಮೇಲೆ ಮಗನ ಅಂಗಡಿಗೆ ಬಂದು, ಫೋಟೋದ ಸುದ್ದಿ ಹೇಳಿ, ಅರ್ಧ ಚಹಾ ಕುಡಿದವಳು ಹಣೆ ಬಡಿದುಕೊಂಡಳು.

"ಅಯ್ಯ ಶಿವನ, ಹಳ್ಳದ ಮಾತ ಹೇಳೂದ ಬಿಟ್ಟು ಬಂದ್ವಲ್ಲೋ."

ಮುಂದಿನ ವಾರ ಗಟ್ಟಿ ಮನಸ್ಸು ಮಾಡಿ ಹೋದರು. ಮತ್ತೆ ಫೋಟೋ, ಮತ್ತೆ ಭಜಿ. ಈ ಸಲ ಬಲ್ಬು ಬದಲಿಸಲು ಏಣಿ ಏರಿದ್ದ ಮಡಿವಾಳಪ್ಪ ಕಣ್ಣಾರೆ ಕಂಡ. ಅವ್ವ ಬಾಯಿ ತೆರೆದಿದ್ದಳು. ಹಿಂದಿನವರು ಮುಂದೆ ಸರಿಸಿದರು, ಕಾಲು ತಾವಾಗಿ ಬಲಕ್ಕೆ ತಿರುಗಿದವು, ಮೆಟ್ಟಿಲು ಆಕೆಯನ್ನು ಇಳಿಸಿಯೇ ಬಿಟ್ಟಿತು. ತಪ್ಪು ತಾನಿಟ್ಟ ಮೆಟ್ಟಿಲಿನದೇ ಎಂದು ಅವನಿಗೆ ಹೊಳೆಯಿತು. ಇಳಿಯುವ ಮೆಟ್ಟಿಲು ಕಿತ್ತರೆ ಅಂದ ಕೆಡುತ್ತದೆ, ಸಾಹೇಬರು ರೇಗಿದರೆ ಎಲ್ಲವೂ ಹೋಗುತ್ತದೆ. ಜೀವಮಾನದಲ್ಲಿ ಸಿಕ್ಕಿದ್ದು ಒಂದೇ ಒಂದು ಕಾಯಂ ಕೆಲಸ. ಅವನಿಗೆ ಊಟ ಸೇರಲಿಲ್ಲ. ಕಡೆಗೆ, ರಿಪೇರಿ ಇದೆಯೆಂದು ಸುಳ್ಳು ಹೇಳಿ, ಬಲಗಡೆಯ ಮೆಟ್ಟಿಲನ್ನು ಕಿತ್ತುಕೊಂಡು ಹೋದ. ಅವ್ವನಿಗೆ ಫೋನು ಮಾಡಿ, "ಇನ್ನೊಮ್ಮೆ ಹೋಗಿ ಬಾ" ಎಂದಷ್ಟೇ ಹೇಳಿದ.

ದಾನವ್ವ ಏರಿದಳು, ಫೋಟೋ ಆಯಿತು, ಬಲಕ್ಕೆ ತಿರುಗಿದಳು. ಮೆಟ್ಟಿಲಿಲ್ಲ. ಎಡಕ್ಕೆ ನೋಡಿದರೆ ಏರುವವರ ಸಾಲು. ಎಂಬತ್ತರ ಮೊಣಕಾಲು ಎಷ್ಟು ಹೊತ್ತು ನಿಂತೀತು? ಎದುರಿಗೇ ಮಖಮಲ್ಲಿನ ಜಾಗ ಖಾಲಿ ಬಿದ್ದಿತ್ತು. ಆಕೆ ಸೆರಗು ಸರಿಮಾಡಿಕೊಂಡು ಸಾಹೇಬರ ಮಗ್ಗುಲಿಗೆ ಕೂತೇ ಬಿಟ್ಟಳು.

"ನನಗ ಇಳಿಯಾಕ ದಾರಿ ಕಾಣವಲ್ದು. ದಾರಿ ಆಗೂತನಕ ನಮ್ಮ ಹಳ್ಳದ ಸುದ್ದಿ ಹೇಳ್ತೇನಿ, ಕೇಳ್ರಿ."

ಮಗ್ಗುಲಿಗೆ ಕೂತ ಮುದುಕಿಯನ್ನು ಏಳು ಎನ್ನಲು ಅಧ್ಯಕ್ಷರಿಗಾದರೂ ಬಾಯಿ ಹೇಗೆ ಬಂದೀತು? ಕೇಳಿದರು. ಸಾಹೇಬರು ಕೆಟ್ಟವರಲ್ಲ, ಅಷ್ಟು ದಿನ ಅವರಿಗೆ ಯಾರೂ ಏನೂ ಹೇಳಿರಲಿಲ್ಲ ಅಷ್ಟೇ. ಸೌಮ್ಯಾ ಮೇಡಂ ಅವರನ್ನು ಕರೆದು ಸೇತುವೆಯ ಮಂಜೂರಿ ಬರೆಸಿದರು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಬಂದವರೆಲ್ಲ ಫೋಟೋ ಬಿಟ್ಟು ಆ ಜಾಗಕ್ಕೆ ಪಾಳಿ ಹಚ್ಚಿದರು. ಕುರಿ ಕಾಯುವವನು ಕೂತ, ಹಾಲು ಮಾರುವ ಖಾತುನಬಿ ಕೂತಳು, ಕೂತವರು ಮಾತು ಮುಗಿಯುವ ತನಕ ಏಳಲೂ ಇಲ್ಲ. ಸಾಹೇಬರು ಸಾಕುಸಾಕಾಗಿ ಮಡಿವಾಳಪ್ಪನನ್ನು ಕರೆಸಿದರು.

"ಎಲ್ಲಾ ಬಿಚ್ಚಿ ಒಯ್ಯೋ ಮಾರಾಯ. ಒಂದ ಮೇಜು, ನಾಕ ಖುರ್ಚಿ ಸಾಕು. ಮಂದಿ ಎದುರಿಗರ ಕೂಡ್ಲಿ."

ಬಿಚ್ಚಿದ. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ನವಿಲನ್ನು ಗಾಡಿಗೆ ಏರಿಸುವಾಗ ಆ ಕಡೆ ತಿರುಗಿ ಮೂಗು ಒರೆಸಿಕೊಂಡ. ಸಾಗವಾನಿ ಕಂಬಗಳು ಅದೇ ವಾರ ಸತ್ತೂರಿನ ಮದುವೆಯೊಂದಕ್ಕೆ ಹೋದವು, ಮರುದಿನ ಬಿಚ್ಚಿಸಿಕೊಂಡು ಬಂದವು.

ಮಳೆಗಾಲಕ್ಕೆ ಮೊದಲು ಗರಗದ ಹಳ್ಳಕ್ಕೆ ಸೇತುವೆಯಾಯಿತು. ಮಡಿವಾಳಪ್ಪ ನೋಡಲು ಹೋದ. ಬಣ್ಣವಿಲ್ಲ, ಕಮಾನಿಲ್ಲ, ಬೋಳು ಸಿಮೆಂಟು. ನಡುವೆ ನಿಂತು, ಸ್ಟೇಜಿನ ಹಲಗೆ ಪರೀಕ್ಷಿಸುವ ಹಾಗೆ ಹಿಮ್ಮಡಿಯಿಂದ ಬಡಿದು ನೋಡಿದ. ಮಿಸುಕಲಿಲ್ಲ. ಸಿಮೆಂಟಿಗೆ ನೀರು ಹೊಡೆಯುತ್ತಿದ್ದ ಗೌಂಡಿ ಉಡಚಪ್ಪನನ್ನು ರೂಢಿಯ ಮೇಲೆ ಕೇಳಿಬಿಟ್ಟ.

"ಛಲೋ ಆಗೇತಿ. ಬಿಚ್ಚೂದು ಯಾವಾಗ್ರಿ?"

ಉಡಚಪ್ಪ ಪೈಪು ಕೆಳಗಿಟ್ಟು ಅವನ ಮುಖ ನೋಡಿದ. "ಇದನ್ಯಾಕ ಬಿಚ್ತಾರ್ರಿ? ನಾವು ನೀವು ಹ್ವಾದ ಮ್ಯಾಲೂ ಇದು ಇಲ್ಲೇ ಇರತೈತಿ."

ಮಡಿವಾಳಪ್ಪನಿಗೆ ನಗು ತಡೆಯಲಾಗಲಿಲ್ಲ.

"ಇನ್ನೊಮ್ಮೆ ಹೇಳ್ರಿ," ಎಂದ.