ಮಹಾದೇವಿ ಮೇಡಂ ಅವರ ಸರ್ವರ್

ರಜೆ ಮುಗಿದು ಇವತ್ತು ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗ ತೆಗೆದೆ. ಬಿಸಿ ದೂಳಿನ ವಾಸನೆ ಮುಖಕ್ಕೆ ಬಡಿಯಿತು. ನಿಮಗೂ ಅದು ಪರಿಚಯವಿದ್ದೀತು. ನನಗಂತೂ ಆ ವಾಸನೆಗೆ ಮಹಾದೇವಿ ಮೇಡಂ ನೆನಪಾಗುತ್ತಾರೆ. ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಬಂದು ಭೌತಶಾಸ್ತ್ರ ಕಲಿಸುತ್ತಿದ್ದವರು. ಈಗ ಬೇರೆ ಊರಿಗೆ ವರ್ಗವಾಗಿದ್ದಾರೆ. ನಾನು ಕನ್ನಡದ ಮೇಷ್ಟ್ರು. ಕಂಪ್ಯೂಟರಿನಲ್ಲಿ ನನ್ನ ಪಾಂಡಿತ್ಯವೆಂದರೆ ಬಂದ್ ಮಾಡಿ ಮತ್ತೆ ಚಾಲೂ ಮಾಡುವುದಷ್ಟೇ.

ಅವರಿದ್ದಾಗ ಒಂದು ವರ್ಷ ನಮ್ಮ ಹುಡುಗಿಯರು ಕಂಪ್ಯೂಟರಿನ ಮುಂದೆ ಕೂತು ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಹಳ್ಳಿಗಳಿಂದ ಬರುವ ಹೆಚ್ಚಿನವರು ಮೌಸ್ ಮುಟ್ಟಿದವರಲ್ಲ. ಕೋಣೆಯಲ್ಲಿ ಇಂಟರ್ನೆಟ್ಟೂ ಇರಲಿಲ್ಲ. ಮೇಡಂ ರಜೆಯಲ್ಲಿ ತಾವೇ ಕಲಿತು, ತಮ್ಮ ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಪರೀಕ್ಷೆಯೊಂದನ್ನು ಸಿದ್ಧಪಡಿಸಿ ತಂದರು. ಅದನ್ನು ಕೋಣೆಯ ಕಂಪ್ಯೂಟರುಗಳ ತಂತಿಗೆ ಜೋಡಿಸಿ, ಪರೀಕ್ಷೆ ತೆರೆಯಲು ಒತ್ತಬೇಕಾದ ವಿಳಾಸವನ್ನು ಹಲಗೆಯ ಮೇಲೆ ಬರೆದರು.

ಅವರ ಪರದೆಯಲ್ಲಿ ಪ್ರಶ್ನೆಗಳು ಚೆಂದಾಗಿ ಬಂದವು. ಉಳಿದ ಯಾವುದರಲ್ಲೂ ಇಲ್ಲ. ತಮ್ಮಿಂದಲೇ ಏನೋ ಕೆಟ್ಟಿತೆಂದು ಹುಡುಗಿಯರು ಕೈ ಹಿಂದೆಳೆದುಕೊಂಡರು. ನಾನಾಗಿದ್ದರೆ ತಪ್ಪನ್ನು ಕರೆಂಟಿನ ಮೇಲೆ ಹಾಕಿ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದೆ.

"ನಿಮ್ದೇನೂ ತಪ್ಪಿಲ್ಲವ್ವ. ಯಾಕ ಬರಾಕತ್ತಿಲ್ಲ ನನಗೂ ಗೊತ್ತಿಲ್ಲ. ಕೂಡಿ ಹುಡುಕೋಣ ಬರ್ರಿ," ಎಂದರು ಮೇಡಂ.

ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ನೆರೆದರು. ತಾವು ಬರೆದದ್ದನ್ನು ಸಾಲುಸಾಲಾಗಿ ಓದುತ್ತ ಮೇಡಂ ಒಂದು ಕಡೆ ಬೆರಳಿಟ್ಟರು.

"ನೋಡ್ರಿ, ಈ ಸರ್ವರ್, ಅಂದ್ರ ಪ್ರಶ್ನಿ ಕಳಿಸೋ ಪ್ರೋಗ್ರಾಮು, ತನ್ನ ಲ್ಯಾಪ್‌ಟಾಪಿನ ಮಾತಷ್ಟೇ ಕೇಳಾಕತ್ತದ. ಹೊರಗಿನವರು ಕರದ್ರ ಓ ಅನ್ನಂಗಿಲ್ಲ. ನಾನೇ ಹಂಗ ಬರದೀನಿ."

ಆ ಸಾಲಿನಲ್ಲಿದ್ದ ವಿಳಾಸ ಅಳಿಸಿ ಬರೀ ಸೊನ್ನೆಗಳನ್ನು ಹಾಕಿದರು. ಯಾವ ದಾರಿಯಿಂದ ಕರೆ ಬಂದರೂ ಕೇಳಿಸಿಕೋ ಎಂದು ಅದರ ಅರ್ಥವಂತೆ. ಆಗಲೂ ಬರಲಿಲ್ಲ. ಇನ್ನು ಫೈರ್‌ವಾಲ್ ಎಂಬ ಕಾವಲು ತಡೆಯುತ್ತಿರಬೇಕು ಎಂದರು.

"ಅದನ್ನ ಪೂರಾ ಬಂದ್ ಮಾಡಿಬಿಡ್ರಲ್ಲ," ಎಂದು ನಾನು ನನ್ನ ಪಾಂಡಿತ್ಯ ಬಿಚ್ಚಿದೆ.

"ಬ್ಯಾಡ್ರಿ ಸರ್. ಈ ಕೋಣಿಯವ್ರಿಗಷ್ಟೇ ಒಂದು ಬಾಗಲಾ ತೆಗದ್ರ ಸಾಕು."

ತೆಗೆದರು. ಕೊಹಿನೂರು ಎಂಬ ಹಳ್ಳಿಯ ಹುಡುಗಿಯೊಬ್ಬಳು ತನ್ನ ಜಾಗಕ್ಕೆ ಹೋಗಿ, "ನಂದ್ರಾಗ ಬಂತ್ರಿ ಮೇಡಂ," ಎಂದಳು. ಆಮೇಲೆ ಪಕ್ಕದವಳದು, ಅದರಾಚೆಯದು. ಮೇಡಂ ಆಗಲೇ ಕೊಹಿನೂರಿನವಳ ಪಕ್ಕ ಕೂತು ಮೌಸ್ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಆ ಸಲ ನಮ್ಮ ಹುಡುಗಿಯರು ಪರೀಕ್ಷೆಗೆ ನಗುತ್ತಲೇ ಬಸ್ ಹತ್ತಿದರು.

ಇವತ್ತು ಮಧ್ಯಾಹ್ನ ಹಳಗನ್ನಡದ ಪದ್ಯ ಓದುವಾಗ ಒಂದು ಪದದ ಅರ್ಥ ಹೊಳೆಯಲಿಲ್ಲ. ಮೊದಲಾಗಿದ್ದರೆ ಕೆಮ್ಮಿ ಮುಂದಿನ ಸಾಲಿಗೆ ಹಾರುತ್ತಿದ್ದೆ. ಪುಸ್ತಕ ಕೆಳಗಿಟ್ಟು, "ಇದು ನನಗ ತಿಳಿವಲ್ದು. ಯಾರಿಗಾದ್ರೂ ಗೊತ್ತದ ಏನು?" ಎಂದೆ.

ಘಾಟಬೋರಾಳದ ಹುಡುಗಿಯೊಬ್ಬಳು ಎದ್ದು ನಿಂತಳು.

"ನಮ್ಮ ಮುದುಕಿ ಆಯಿ ಈಗೂ ಅಂತಾಳ್ರಿ ಸರ್, ಆ ಶಬ್ದ."