ಹಾಲು ತುಳುಕದ ವ್ಯಾನು

ಚೊಯ್ಜಿಲಣ್ಣನ ಗ್ಯಾರೇಜಿನ ಪಕ್ಕದಲ್ಲೇ ನನ್ನ ಚಹಾದಂಗಡಿ. ಗೋಬಿ ಮರುಭೂಮಿಯ ಕಡೆಯಿಂದ ಬರುವ ಗಾಡಿಗಳೆಲ್ಲ ಸೊಂಟ ಮುರಿದುಕೊಂಡೇ ನಮ್ಮ ಪೇಟೆಗೆ ಬರುತ್ತವೆ. ಅವನು ಶಾಕ್ ಅಬ್ಸಾರ್ಬರ್ ಬದಲಿಸಿ, ಸವೆದ ರಬ್ಬರ್ ಬುಷ್ ಕಿತ್ತು ಹೊಸದು ಕೂರಿಸಿ, ಚಕ್ರಗಳ ಪಕ್ಕಕ್ಕೆ ದಾರ ಎಳೆದು ಕಟ್ಟಿ, ಅವು ನೇರವಾಗಿವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಆಮೇಲೆ ಗಾಡಿಯನ್ನು ಬಯಲಿಗೆ ಒಯ್ದು ಸ್ಟೇರಿಂಗ್ ಬಿಟ್ಟುಬಿಡುತ್ತಾನೆ. ನಮ್ಮಲ್ಲಿ ಡಿಕ್ಕಿ ಹೊಡೆಯಲು ಏನಿದೆ? ಗಾಡಿ ಹುಲ್ಲಿನ ಮೇಲೆ ನೆಟ್ಟಗೆ, ಮೋಡದ ನೆರಳಿನ ಜೊತೆ ಹೋಗುತ್ತಿರುತ್ತದೆ. ಆಗ ಪಕ್ಕದಲ್ಲಿ ಕೂತು ಮಾತಾಡಿಸಿದರೆ, ಚಕ್ರದ ಸದ್ದು ಕೇಳು ಎಂಬಂತೆ ಬೆರಳೆತ್ತುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅವನ ಹೆಂಡತಿ ನೊರ್ಜ್ಮಾ ಅತ್ತಿಗೆ ಕುದುರೆಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ನೆಮ್ಮದಿಯ ನಿದ್ದೆ ಕಂಡಿರಲಿಲ್ಲ. ಅವಳಿಗೆ ಒಂದೇ ಆಸೆ: ಹುಟ್ಟಿದ ಕಣಿವೆಗೆ ಹೋಗಿ ಅಲ್ಲಿನ ಒರತೆಯ ನೀರು ಕುಡಿಯಬೇಕು. ದಾರಿಯೋ ಬರೀ ಕಲ್ಲು, ಕೊರಕಲು. ಒಮ್ಮೆ ಹೊರಟಾಗ ಮೊದಲ ದಿಬ್ಬದಲ್ಲೇ ಅವಳು ಕಿರುಚಿಕೊಂಡದ್ದು ನನ್ನ ಅಂಗಡಿಗೂ ಕೇಳಿತ್ತು.

ಅಂದಿನಿಂದ ಅಣ್ಣ ತನ್ನ ಹಳೇ ರಷ್ಯನ್ ವ್ಯಾನಿನ ಕೆಳಗೇ ಬಿದ್ದುಕೊಂಡ. ಸ್ಪ್ರಿಂಗಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುವುದು, ಸೀಟಿನ ಮೇಲೆ ತುಂಬಿದ ಹಾಲಿನ ಬಟ್ಟಲಿಟ್ಟು ದಿಬ್ಬ ಹತ್ತಿಸುವುದು, ತುಳುಕಿದರೆ ಮತ್ತೆ ಬಿಚ್ಚುವುದು. ಹಾಲು ಮಾತ್ರ ನನ್ನದು.

"ಏನಣ್ಣ, ನನ್ನ ಹಸುಗಳೆಲ್ಲ ನಿನ್ನ ವ್ಯಾನಿಗೇ ಹಾಲು ಕೊಡ್ಬೇಕಾ?"

"ಇನ್ನೊಂದ್ ಬಟ್ಟಲು ಕೊಡೇ, ದುಲ್ಮಾ. ಹಿಂದಿನ ಎಡಗಡೆ ಇನ್ನೂ ಒರಟು."

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಬಟ್ಟಲನ್ನು ತುಂಬಿದ್ದು ತುಂಬಿದಂತೆಯೇ ತಂದುಕೊಟ್ಟ. ನನಗೆ ಅಳು ಬಂತು, ಅದಕ್ಕೇ ಚೆನ್ನಾಗಿ ಬೈದೆ.

ಮರುದಿನ ಹೊರಟೆವು. ಅತ್ತಿಗೆಯ ತಲೆ ನನ್ನ ತೊಡೆಯ ಮೇಲೆ. ಒಳ್ಳೆಯ ದಾರಿಯಾಗಲೆಂದು ನನ್ನ ಮಗಳು ವ್ಯಾನಿನ ಹಿಂದೆ ಹಾಲು ಚಿಮುಕಿಸಿದಳು. ದಿಬ್ಬಗಳು ಬಂದವು, ಹೋದವು. ವ್ಯಾನು ತೊಟ್ಟಿಲಿನಂತೆ ತೂಗುತ್ತಾ ಸಾಗಿತು. ಆಕಾಶ ಕಿಟಕಿಯೊಳಗೆ ಇಳಿದು ಬರುತ್ತಿತ್ತು, ಮತ್ತೆ ಮೇಲೇರುತ್ತಿತ್ತು. ಅತ್ತಿಗೆಯ ಮಾತು ನಿಂತಿತೆಂದು ಬಗ್ಗಿ ನೋಡಿದರೆ, ಗೊರಕೆ ಹೊಡೆಯುತ್ತಿದ್ದಾಳೆ!

ಕಣಿವೆ ಬಂತು. ಕೆಳಗೆ ಒರತೆ ಹೊಳೆಯುತ್ತಿತ್ತು. ಅಣ್ಣ ನಿಲ್ಲಿಸಲಿಲ್ಲ. ಓವೋಗೆ, ಅಂದರೆ ದಿಬ್ಬದ ಮೇಲಿನ ದೇವರ ಕಲ್ಲುಗುಪ್ಪೆಗೆ, ಪ್ರದಕ್ಷಿಣೆ ಹಾಕತೊಡಗಿದ. ಮೂರು ಸುತ್ತು ವಾಡಿಕೆ. ಮೂರಾದ ಮೇಲೂ ಸುತ್ತುತ್ತಲೇ ಇದ್ದ.

"ಒರತೆ ಅಲ್ಲಿದೆ ಕಣಣ್ಣ! ನಿಲ್ಸು!"

"ಶ್! ನಿಲ್ಸಿದ್ರೆ ಎದ್ದುಬಿಡ್ತಾಳೆ."

"ಪೆಟ್ರೋಲ್ ಮುಳ್ಳು ನೋಡು, ತಳ ಕಂಡಿದೆ. ವಾಪಸ್ ಹೋಗೋದು ಹೆಂಗೆ?"

"ನಡ್ಕೊಂಡು ಹೋಗಿ ತರ್ತೀನಿ. ನೀನ್ ಸುಮ್ನಿರು."

ಅವಳ ನಿದ್ದೆಗಿಂತ ಮೊದಲು ಪೆಟ್ರೋಲ್ ಮುಗಿಯದಿರಲಿ ಎಂದು, ಪ್ರತಿ ಸುತ್ತಿಗೂ ಆ ಕಲ್ಲುಗುಪ್ಪೆಗೆ ಕೈಮುಗಿದೆ.